ಹಿನ್ನೀರಿನಲ್ಲಿ ಮುಳುಗಿದ ರೋಬೋ ಎಲ್ಲಿದೆ ಅಂತ ತಿಳಿಯುವುದು ಹೇಗೆ?

ಘಟಪ್ರಭಾ ದಂಡೆ (ಬಾಗಲಕೋಟೆ):
ಎಲ್ಲರಿಗೂ ನಮಸ್ಕಾರ. ಕೊನೆ ವರ್ಷದ ಪ್ರಾಜೆಕ್ಟ್‌ಗೆ ನೀರೊಳಗೆ ಓಡಾಡುವ ಸಣ್ಣ ರೋಬೋ ಮಾಡಿದ್ದೇವೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿರುವ ಹಳೆ ಬಾಗಲಕೋಟೆಯ ನಕ್ಷೆ ತೆಗೆಯಬೇಕು ಅಂತ ಆಸೆ. ತೇಲುವಾಗ ಜಿಪಿಎಸ್ ಬರುತ್ತದೆ, ಮುಳುಗಿದ ಕೂಡಲೇ ಹೋಗುತ್ತದೆ. ಬರೀ ಐಎಂಯು (ಚಲನೆ, ತಿರುಗುವಿಕೆ ಅಳೆಯುವ ಸೆನ್ಸರ್) ನಂಬಿದರೆ ನಿಂತಲ್ಲೇ ನಿಂತ ರೋಬೋ ದಂಡೆ ದಾಟಿದೆ ಅಂತ ತೋರಿಸುತ್ತದೆ. ಕ್ಯಾಮೆರಾ ಹಾಕೋಣ ಅಂದರೆ ನೀರು ಪೂರ್ತಿ ರಾಡಿ. ದುಬಾರಿ ಐಎಂಯು ತಂದರೆ ಸರಿಹೋಗುತ್ತಾ?

ಕುಂದಾನಗರಿ (ಬೆಳಗಾವಿ):
ತಮ್ಮಾ, ಅದಕ್ಕೆ ದುಡ್ಡು ಹಾಕಬೇಡಿ. ಐಎಂಯು ವೇಗ ಅಳೆಯುವುದೇ ಇಲ್ಲ, ವೇಗ ಎಷ್ಟು ಬದಲಾಯಿತು ಅಂತ ಮಾತ್ರ ಹೇಳುತ್ತದೆ. ಅದರಿಂದ ಜಾಗ ಸಿಗಬೇಕಾದರೆ ಎರಡು ಸಲ ಕೂಡಿಸಬೇಕು, ತಪ್ಪೂ ಜೊತೆಗೇ ಕೂಡುತ್ತದೆ. ವೇಗೋತ್ಕರ್ಷದಲ್ಲಿ 0.01 ಮೀ/ಸೆ² ತಪ್ಪು ಸದಾ ಇದ್ದರೆ ಒಂದು ನಿಮಿಷಕ್ಕೆ 18 ಮೀಟರ್, ಹತ್ತು ನಿಮಿಷಕ್ಕೆ 1,800 ಮೀಟರ್! ಸಮುದ್ರದ ದೊಡ್ಡ ವಾಹನಗಳು ಇದಕ್ಕೇ ಡಿವಿಎಲ್ (ಡಾಪ್ಲರ್ ವೆಲಾಸಿಟಿ ಲಾಗ್) ಅನ್ನುವ ಸಾಧನ ಇಟ್ಟುಕೊಳ್ಳುತ್ತವೆ. ಅದು ತಳಕ್ಕೆ ಶಬ್ದ ಬಿಟ್ಟು, ಮರಳಿ ಬಂದ ಶಬ್ದದ ಕಂಪನಾಂಕ ಎಷ್ಟು ಬದಲಾಯಿತು (ಡಾಪ್ಲರ್ ಬದಲಾವಣೆ) ಅನ್ನುವುದರಿಂದ ನೇರವಾಗಿ ವೇಗವನ್ನೇ ಹೇಳುತ್ತದೆ. ಆದರೆ ಬೆಲೆ ಲಕ್ಷಗಳಲ್ಲಿ. ಆಳದ ಚಿಂತೆ ಮಾತ್ರ ಬಿಡಿ, ಪ್ರೆಶರ್ ಸೆನ್ಸರ್ ಸಾಕು, ಸುಮಾರು 10 ಮೀಟರ್ ನೀರಿಗೆ 1 ಬಾರ್.

ಗೋಲಗುಮ್ಮಟ (ವಿಜಯಪುರ):
ದಂಡೆ ಹತ್ತಿರ ಆಳ ಕಡಿಮೆ ಅಲ್ವಾ? ಹಾಗಾದರೆ ಜಿಪಿಎಸ್ ಮೇಲೆಯೇ ಇರಲಿ. ಥರ್ಮಾಕೋಲ್ ಮೇಲೆ ಕಟ್ಟಿ, ರೋಬೋ ಹಗ್ಗದಿಂದ ಅದನ್ನು ಎಳೆದುಕೊಂಡು ಹೋಗಲಿ. ರೋಬೋ 5 ಮೀಟರ್ ಆಳದಲ್ಲಿ, ಹಗ್ಗ 6 ಮೀಟರ್ ಇದ್ದರೆ ಅಡ್ಡಕ್ಕೆ ಜಾಸ್ತಿ ಅಂದರೆ 3.3 ಮೀಟರ್ ತಪ್ಪು, ಅದು ಬೆಳೆಯುತ್ತಾ ಹೋಗುವುದಿಲ್ಲ.

ಇನ್ನೊಂದು ಮಾತು. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣುವ ಗೋಡೆ, ಕಟ್ಟೆಗಳ ಮೂಲೆ ಮೂಲೆಗೂ ನಡೆದು ಹೋಗಿ ಜಿಪಿಎಸ್ ಗುರುತು ಹಾಕಿಕೊಳ್ಳಿ. ಮಳೆಗಾಲದಲ್ಲಿ ನೀರು ತುಂಬಿದ ಮೇಲೆ ಸೋನಾರ್‌ಗೆ (ಶಬ್ದದ ಪ್ರತಿಧ್ವನಿಯಿಂದ ನೀರೊಳಗಿನ ವಸ್ತು ಕಾಣುವ ಸಾಧನ) ಅದೇ ಮೂಲೆ ಸಿಕ್ಕಿದರೆ ರೋಬೋ ತನ್ನ ಜಾಗ ತಿದ್ದಿಕೊಳ್ಳುತ್ತದೆ. ಸಮುದ್ರದಲ್ಲಿ ಯಾರಿಗೂ ತಳವನ್ನು ಮೊದಲೇ ಒಣಗಿಸಿ ಅಳೆಯುವ ಅವಕಾಶ ಇಲ್ಲ, ನಿಮಗಿದೆ. ದಯವಿಟ್ಟು ಬಿಡಬೇಡಿ!

ಘಟಪ್ರಭಾ ದಂಡೆ:
ಅಣ್ಣಾ, ಇದು ನಮಗೆ ಹೊಳೆದೇ ಇರಲಿಲ್ಲ. ಎಲ್ಲವನ್ನೂ ಕಾಲ್ಮನ್ ಫಿಲ್ಟರ್‌ಗೆ (ಬೇರೆ ಬೇರೆ ಸೆನ್ಸರ್‌ಗಳ ಅಳತೆ ಸೇರಿಸಿ ಜಾಗ ಅಂದಾಜು ಮಾಡುವ ಲೆಕ್ಕಕ್ಕೆ) ಕೊಡುತ್ತೇವೆ. ಆದರೆ ಥ್ರಸ್ಟರ್ (ರೋಬೋವನ್ನು ತಳ್ಳುವ ಮೋಟಾರ್) ಶುರು ಮಾಡಿದರೆ ಕಂಪಾಸ್ ಸುಮ್ನೆ ತಿರುಗುತ್ತದೆ.

ಕುಂದಾನಗರಿ:
ಮೋಟಾರ್ ವೈರಿನ ಕರೆಂಟೇ ಅದಕ್ಕೆ ಕಾರಣ. ಹೋಗುವ, ಬರುವ ವೈರ್ ಎರಡನ್ನೂ ಹೆಣೆದು ಬಿಡಿ, ಕಂಪಾಸನ್ನು ಮೋಟಾರ್‌ನಿಂದ ದೂರದ ತುದಿಗೆ ಕೂರಿಸಿ. ದಿಕ್ಕು 1 ಡಿಗ್ರಿ ತಪ್ಪಿದರೂ 100 ಮೀಟರ್ ಹೋಗುವಷ್ಟರಲ್ಲಿ 1.75 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಗುರುತುಗಳ ಕೆಲಸಕ್ಕಿಂತ ಮೊದಲು ಇದನ್ನು ಸರಿಮಾಡಿಕೊಳ್ಳಿ.