‘ನೋಡೋಣ’ ಎನ್ನುವ ನಾಡಿಗೆ ಅಜೈಲ್ ಒಗ್ಗುತ್ತದೆಯೇ?

ಬೆಣ್ಣೆದೋಸೆ: ನಮ್ಮ ಸಾಫ್ಟ್‌ವೇರ್ ತಂಡದ್ದು ಅಜೈಲ್ ಪದ್ಧತಿ: ಚಿಕ್ಕ ಕಂತುಗಳಲ್ಲಿ ಕೆಲಸ, ಆಗಾಗ ಮುಕ್ತವಾಗಿ ಮಾತಾಡಿ ತಿದ್ದಿಕೊಳ್ಳುವುದು. ತಂಡ ಅರ್ಧ ಬೆಂಗಳೂರಿನಲ್ಲಿ, ಅರ್ಧ ಮ್ಯೂನಿಕ್‌ನಲ್ಲಿ. ನಿನ್ನೆ ಸ್ಟ್ಯಾಂಡಪ್ ಎಂಬ ದಿನನಿತ್ಯದ ಚುಟುಕು ಸಭೆಯಲ್ಲಿ ಅಲ್ಲಿಯವರು ‘ಶುಕ್ರವಾರಕ್ಕೆ ಮುಗಿಯುತ್ತದೆಯೇ?’ ಎಂದು ಕೇಳಿದರು. ನಮ್ಮ ಹುಡುಗ ಮ್ಯೂಟ್ ತೆಗೆದ, ಎರಡು ಕ್ಷಣ ಸುಮ್ಮನಿದ್ದ, ‘ಯೆಸ್’ ಎಂದ. ಕರೆ ಮುಗಿದ ಮೇಲೆ ನನ್ನ ಮೇಜಿನ ಬಳಿ ಬಂದು ‘ಎಪಿಐ ಇನ್ನೂ ಕೈಗೇ ಬಂದಿಲ್ಲ’ ಎಂದ; ಅದಿಲ್ಲದೆ ನಮ್ಮ ಭಾಗ ಬೇರೆ ಸಾಫ್ಟ್‌ವೇರ್‌ನೊಂದಿಗೆ ಮಾತಾಡುವುದೇ ಇಲ್ಲ. ಡಚ್ ಸಂಶೋಧಕ ಹಾಫ್‌ಸ್ಟೆಡ್ ಅಧಿಕಾರದ ಅಂತರದಲ್ಲಿ, ಅಂದರೆ ಮೇಲು-ಕೆಳಗಿನ ಭೇದವನ್ನು ಜನ ಎಷ್ಟು ಒಪ್ಪಿಕೊಳ್ಳುತ್ತಾರೆ ಎಂಬುದರಲ್ಲಿ, ಭಾರತಕ್ಕೆ 77, ಜರ್ಮನಿಗೆ 35 ಅಂಕ ಕೊಟ್ಟದ್ದು ಸುಮ್ಮನೆ ಅಲ್ಲ. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಜನ ಕೂತು ಬರೆದ ಅಜೈಲ್ ಪ್ರಣಾಳಿಕೆ ನಮ್ಮ ನೆಲಕ್ಕೆ ಒಗ್ಗುವುದಿಲ್ಲ.

ಘಟ್ಟದಾಚೆ: ಆ 77 ಎಲ್ಲಿಂದ ಬಂತು ಎಂಬುದನ್ನೂ ಹೇಳಿ. ಆ ಅಧ್ಯಯನದ ಬುಡ ಇರುವುದು 1967ರಿಂದ 1973ರವರೆಗೆ ಐಬಿಎಂ ನೌಕರರಿಗೆ ಹಂಚಿದ ಪ್ರಶ್ನಾವಳಿಯಲ್ಲಿ. ನಿಮ್ಮ ಹುಡುಗನ ಅಪ್ಪ ಆಗ ಶಾಲೆಗೆ ಹೋಗುತ್ತಿದ್ದಿರಬೇಕು.

ಬೆಣ್ಣೆದೋಸೆ: ಅಪ್ಪನ ಶಾಲೆ ಹಾಗಿರಲಿ, ಮಗನಿಗೆ ಇಂದಿಗೂ ‘ಆಗುವುದಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ನಮ್ಮಲ್ಲಿ ‘ನೋಡೋಣ’ ಎಂದರೇ ಇಲ್ಲ ಎಂದರ್ಥ.

ತುಂಗಾತೀರ: ಯಾರು ಹೇಳಿದರು? ನಮ್ಮ ಮಾವನವರು ‘ನೋಡೋಣ’ ಎಂದ ಮೂರೇ ತಿಂಗಳಿಗೆ ನನ್ನ ಮದುವೆ ಆಯಿತು.

ಘಟ್ಟದಾಚೆ: ಅವರ ಬಳಿ ಸಾಲ ಕೇಳಿ ನೋಡಿ, ಆಗ ಅರ್ಥ ತಿಳಿಯುತ್ತದೆ.

ಜೋಳದರೊಟ್ಟಿ: ಧಾರವಾಡದಲ್ಲಿ ನಾವು ಮುಖಕ್ಕೇ ಹೇಳುತ್ತೇವೆ. ಮೈಸೂರು ಕಡೆಯವರು ತಮ್ಮ ಸಂಕೋಚವನ್ನು ಇಡೀ ದೇಶದ ಸಂಸ್ಕೃತಿ ಎನ್ನಬಾರದು.

ಬೆಣ್ಣೆದೋಸೆ: ನಾನು ದಾವಣಗೆರೆಯವನು. ಹೆಸರನ್ನಾದರೂ ಓದಿ ಜಗಳಕ್ಕೆ ಬನ್ನಿ.

ಜೋಳದರೊಟ್ಟಿ: ದಾವಣಗೆರೆಯೂ ಹಳೆಯ ಮೈಸೂರು ಸಂಸ್ಥಾನದ್ದೇ.

ತುಂಗಾತೀರ: ಶಿವಮೊಗ್ಗವೂ ಅದರಲ್ಲೇ ಇತ್ತು. ನಾವೇನು ಬಾಯಿಲ್ಲದವರೇ? ಇದೆಂಥ ಉಡಾಫೆಯ ಮಾತು!

ನಿಶಾಚರಿ: ಸಂಸ್ಥಾನಗಳನ್ನು ಹಂಚಿಕೊಂಡು ಮುಗಿದಿದ್ದರೆ ಜಪಾನಿನತ್ತ ಬನ್ನಿ. ಅದೇ ಹಾಫ್‌ಸ್ಟೆಡ್ ಪಟ್ಟಿಯಲ್ಲಿ ಅನಿಶ್ಚಿತತೆಗೆ ಹೆದರುವ ಅಂಕ ಅವರದು 92, ನಮ್ಮದು 40. ಆದರೂ ಅಜೈಲ್ ತಂಡಗಳು ಬಳಸುವ, ಕೆಲಸದ ಹರಿವನ್ನು ಚೀಟಿಗಳಲ್ಲಿ ತೋರಿಸುವ ಕಾನ್‌ಬಾನ್ ಹುಟ್ಟಿದ್ದು ಟೊಯೊಟಾದಲ್ಲಿ. ಅಜೈಲ್‌ನ ಸ್ಕ್ರಮ್ ವಿಧಾನಕ್ಕೆ ಹೆಸರು ಕೊಟ್ಟ ರಗ್ಬಿ ಆಟದ ಹೋಲಿಕೆಯನ್ನು 1986ರಲ್ಲಿ ಹೊಸ ಉತ್ಪನ್ನ ರೂಪಿಸುವ ಕೆಲಸಕ್ಕೆ ತಂದವರು ಜಪಾನಿನ ತಾಕೆಯುಚಿ ಮತ್ತು ನೊನಾಕಾ. ಟೊಯೊಟಾದ ಜೋಡಣೆಯ ಸಾಲಿನಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆದರೆ ಮೇಲಿನವನು ಅವನ ಬಳಿಗೆ ಬರಬೇಕು. ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ನಿಮ್ಮ ಹುಡುಗನಿಗೆ ಅಂಥ ಹಗ್ಗ ಎಲ್ಲಿದೆ?

ಘಟ್ಟದಾಚೆ: ಅಂಕಗಳೇ ಹಳಸಲು ಎಂದು ಆಗಲೇ ಹೇಳಿದೆ. ಮತ್ತೆ 92, 40 ಎನ್ನುತ್ತೀರಿ.

ಬೆಣ್ಣೆದೋಸೆ: ಹಗ್ಗ ಕೊಟ್ಟರೂ ಎಳೆಯುವುದಿಲ್ಲ. ಪ್ರತಿ ಕಂತಿನ ಕೊನೆಗೆ ಏನು ತಪ್ಪಿತು ಎಂದು ನೋಡುವ ರೆಟ್ರೋ ಸಭೆಯಲ್ಲಿ ಹೆಸರು ಹಾಕದೆ ಚೀಟಿ ಬರೆಯಿರಿ ಎಂದೆವು. ಎಂಟರಲ್ಲಿ ಆರು ಚೀಟಿ ‘ಎಲ್ಲ ಚೆನ್ನಾಗಿದೆ’, ಎರಡು ಕ್ಯಾಂಟೀನ್ ಕಾಫಿಯ ಬಗ್ಗೆ.

ನಿಶಾಚರಿ: ಮ್ಯಾನೇಜರ್ ಅಲ್ಲೇ ಕೂತಿದ್ದರೇ?

ಬೆಣ್ಣೆದೋಸೆ: ಕೂತಿದ್ದರು. ಅವರೂ ತಂಡದವರೇ ಅಲ್ಲವೇ?

ನಿಶಾಚರಿ: ಎಂಟು ಜನರ ಕೈಬರಹ ಅವರಿಗೆ ಗೊತ್ತು. ಸಂಬಳದ ಹೆಚ್ಚಳ ಬರೆಯುವವರೂ ಅವರೇ ತಾನೆ?

ಬೆಣ್ಣೆದೋಸೆ: ಅದು ಬೇರೆ ವಿಷಯ.

ಜೋಳದರೊಟ್ಟಿ: ಸಂಸ್ಥಾನದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.