ಸಣ್ಣಜ್ಜ ಆಚರಿಸಿದ ಸೂತಕ

ಭಾವಾ, ಮತ್ತೆ ಗ್ರೂಪಿನಲ್ಲಿ ಇರುವ ಎಲ್ಲರೂ, ಟೈಪ್ ಮಾಡಲು ಕುಳಿತೆ, ಕನ್ನಡಕ ಸಿಗಲಿಲ್ಲ. ಶಿರಸಿ ಕೋರ್ಟಿನಲ್ಲಿ 31 ವರ್ಷ ಟೈಪ್ ಮಾಡಿದವಳು ಈಗ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಅಡಿಕೆ ಸುಲಿಯುತ್ತಾ ಕೇಳಿ.

ನಿನ್ನೆ ರಾತ್ರಿ ನಮ್ಮ ಮಾಣಿ, ಅಣ್ಣನ ಮಗ, ಬರೆದದ್ದು ಎರಡೇ ಸಾಲು. "ನನಗೆ ಹೆಣ್ಣು ನೋಡುವುದು ಬೇಡ, ನಾನು ಗೇ. ಆಯಿಗೂ ಅಪ್ಪನಿಗೂ ಹೇಳಿದ್ದೇನೆ, ನಿಮಗೂ ನಾನೇ ಹೇಳಬೇಕು ಅನ್ನಿಸಿತು." ಗ್ರೂಪಿನಲ್ಲಿ 43 ಜನ ಇದ್ದೇವೆ. ಎಲ್ಲರೂ ನೋಡಿದ್ದೇವೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನೂ ಸುಮ್ಮನಿದ್ದೆ, ಅದಕ್ಕೆ ನಾಚಿಕೆಯಾಗಿದೆ. ಬೆಳಿಗ್ಗೆ ಮೊದಲು ಬಂದದ್ದು ಭಾವ ಕಳಿಸಿದ ಫಾರ್ವರ್ಡ್. ಇದು ವಿದೇಶದಿಂದ ಬಂದ ರೋಗವಂತೆ, 2018ರ ನಂತರ ಜಾಸ್ತಿ ಆಯಿತಂತೆ, ಮದ್ದು ಇದೆಯಂತೆ. ಕೆಳಗೆ ಒಂದು ಫೋನ್ ನಂಬರು ಬೇರೆ.

ವಿದೇಶದಿಂದ ಬಂದದ್ದು ಏನು ಎಂದು ನಾನು ಹೇಳುತ್ತೇನೆ. ಐಪಿಸಿ 377, ಇಂಥ ಸಂಬಂಧವನ್ನು ಅಪರಾಧ ಮಾಡಿದ ಕಲಂ. ಬ್ರಿಟಿಷರ ಮೆಕಾಲೆ ಕರಡು ಬರೆದ ದಂಡಸಂಹಿತೆ, 1862ರ ಜನವರಿ 1ರಿಂದ ಜಾರಿಗೆ ಬಂತು. "ಪ್ರಕೃತಿಯ ಕ್ರಮಕ್ಕೆ ವಿರುದ್ಧ" ಎಂದು ಅದರಲ್ಲಿ ಬರೆದಿತ್ತು. ಯಾವುದು ಪ್ರಕೃತಿ, ಯಾವುದು ಕ್ರಮ, ವಿವರ ಇಲ್ಲ. ಶಿಕ್ಷೆ ಮಾತ್ರ ಸ್ಪಷ್ಟ, ಜೀವಾವಧಿಯವರೆಗೆ. ಅದರ ಬೇರು ಹುಡುಕಿಕೊಂಡು ಹೋದರೆ 1533ರಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಕಾಲದ ಕಾನೂನು ಸಿಗುತ್ತದೆ. ಆರು ಮದುವೆಯಾಗಿ ಇಬ್ಬರು ಹೆಂಡಂದಿರ ತಲೆ ತೆಗೆಸಿದ ಪುಣ್ಯಾತ್ಮ. ಅಂಥವನ ಕಾಲದ ಕಾನೂನಿನಿಂದ ನಾವು ಸಂಸಾರದ ನೀತಿ ಕಲಿಯುವುದು! ಇಂಗ್ಲೆಂಡಿನವರು 1967ರಲ್ಲಿ ತಮ್ಮ ಮನೆಯಲ್ಲಿ ಅದನ್ನು ಸಡಿಲ ಮಾಡಿದರು. ನಾವು 2018ರವರೆಗೆ ಜೋಪಾನ ಮಾಡಿದೆವು. ಗೇರುಮರವೂ ಪೋರ್ಚುಗೀಸರು ತಂದದ್ದೇ. ಪಾಯಸದಲ್ಲಿ ಬಂದ ಗೋಡಂಬಿಯನ್ನು ವಿದೇಶಿ ಎಂದು ಭಾವ ಆರಿಸಿ ತೆಗೆದಿಟ್ಟದ್ದನ್ನು ನಾನು ನೋಡಿಲ್ಲ.

ಸರಿ, ಹೆಸರಿನ ವಿಷಯ. ಕನ್ನಡದಲ್ಲಿ ಇದಕ್ಕೆ "ಸಲಿಂಗಕಾಮ" ಎನ್ನುತ್ತಾರೆ. ಆ ಶಬ್ದವೇ ನನಗೆ ಸೇರುವುದಿಲ್ಲ. ಬರೀ ಕಾಮವನ್ನೇ ಹಿಡಿದು ಹೆಸರಿಟ್ಟಂತಾಯಿತು. ನಿಮ್ಮ ಮದುವೆ ಕಾಗದದಲ್ಲಿ "ವಿವಾಹ ಮಹೋತ್ಸವ" ಎನ್ನುವ ಜಾಗದಲ್ಲಿ ಹಾಗೆ ಏನಾದರೂ ಅಚ್ಚು ಹಾಕಿಸಿದ್ದರೆ ಅಕ್ಕ ಮಂಟಪಕ್ಕೆ ಬರುತ್ತಿದ್ದಳಾ? ಮಾಣಿ "ಗೇ" ಎಂದು ಬರೆದ. ಅವನ ಬಾಯಿಗೆ ಹೊಂದಿದ ಶಬ್ದ ಅದು, ಇರಲಿ.

ಇಂಗ್ಲಿಷಿನವರ "ಹೋಮೋಸೆಕ್ಷುವಲ್" ಕೂಡ ಹಳೆಯದಲ್ಲ. 1869ರಲ್ಲಿ ಕೆರ್ಟ್‌ಬೆನಿ ಎಂಬ ಬರಹಗಾರ ಜರ್ಮನ್ ಭಾಷೆಯಲ್ಲಿ ಆ ಶಬ್ದವನ್ನು ಮೊದಲು ಅಚ್ಚು ಮಾಡಿದ್ದು, ಇಂಥವರನ್ನು ಜೈಲಿಗೆ ಹಾಕುವ ಕಾನೂನು ಬೇಡ ಎಂದು ವಾದಿಸಲು. ಅದಕ್ಕೂ ಎರಡು ವರ್ಷ ಮೊದಲು, 1867ರಲ್ಲಿ, ಉಲ್ರಿಕ್ಸ್ ಎಂಬ ವಕೀಲ ಮ್ಯೂನಿಕ್‌ನಲ್ಲಿ ಕಾನೂನು ಬಲ್ಲವರ ದೊಡ್ಡ ಸಭೆಯಲ್ಲಿ ಎದ್ದು ನಿಂತು ಇದೇ ಮಾತು ಹೇಳಿದ. ಸಭೆಯವರು ಕೂಗಾಡಿ ಅವನನ್ನು ಕೂರಿಸಿಬಿಟ್ಟರು. ನಿನ್ನೆ ಮಾಣಿಯ ಸಂದೇಶದ ಕೆಳಗೆ ಒಂದೂ ಉತ್ತರ ಕಾಣದಾಗ ನನಗೆ ಆ ವಕೀಲನ ನೆನಪಾಯಿತು. ನಾವು ಕೂಗಲಿಲ್ಲ, ಅಷ್ಟೇ ವ್ಯತ್ಯಾಸ.

ಹೆಸರು ಇಲ್ಲದವರು ಹೇಗಿದ್ದರು ಎಂದು ಕೇಳಿದರೆ ನನಗೆ ಸಣ್ಣಜ್ಜ ಕಾಣುತ್ತಾನೆ. ಭಾವ ಆಗ ನಮ್ಮ ಮನೆಗೆ ಬಂದಿರಲಿಲ್ಲ, ಹಾಗಾಗಿ ಹೇಳುತ್ತೇನೆ. ಸಣ್ಣಜ್ಜ ಮದುವೆಯಾಗಲಿಲ್ಲ. ಕುಮಟಾ ಕಡೆಯ ಮಾಸ್ತರೊಬ್ಬರು ನಮ್ಮೂರ ಶಾಲೆಗೆ ಬಂದವರು, ಅವನ ಮನೆಯ ಮೆತ್ತಿನ ಮೇಲೆ, ಮಾಳಿಗೆಯಲ್ಲಿ, ಉಳಿದುಕೊಂಡರು. ಒಂದು ವರ್ಷಕ್ಕೆಂದು ಬಂದವರು 22 ವರ್ಷ ಇದ್ದರು. ಸಂಜೆ ಜಗುಲಿಯಲ್ಲಿ ಇಬ್ಬರಿಗೂ ಒಂದೇ ಎಲೆಯಡಿಕೆ ಕವಳದ ಬಟ್ಟಲು. ತೋಟಕ್ಕೆ ಹೋದರೆ ಇಬ್ಬರೂ. ಯಕ್ಷಗಾನದ ಆಟ ನೋಡಲು ಹೋದರೆ ಇಬ್ಬರೂ, ಬೆಳಗಿನ ಜಾವ ಒಂದೇ ಕಂಬಳಿ ಹೊದ್ದು ನಡೆದು ಬರುತ್ತಿದ್ದರು. "ಸ್ನೇಹಿತರು" ಎನ್ನುತ್ತಿದ್ದೆವು. ಬೇರೆ ಶಬ್ದ ನಮ್ಮ ಹತ್ತಿರ ಇರಲಿಲ್ಲ. ಅವರ ಹತ್ತಿರ ಇತ್ತೋ, ನನಗೆ ಗೊತ್ತಿಲ್ಲ.

1979ರ ಮಳೆಗಾಲ, ನನಗೆ 16 ವರ್ಷ. ಮಾಸ್ತರು ತೀರಿಕೊಂಡರು. ಅವರ ಅಣ್ಣಂದಿರು ಬಂದು ದೇವಿಮನೆ ಘಟ್ಟ ಇಳಿಸಿಕೊಂಡು ಊರಿಗೆ ಒಯ್ದರು. ಸಣ್ಣಜ್ಜ ಬಸ್ಸಿನಲ್ಲಿ ಹಿಂದೆ ಹೋದ, ಎಲ್ಲ ಮುಗಿದ ಮೇಲೆ ಮುಟ್ಟಿದ, ಅದೇ ದಿನ ವಾಪಸ್ ಬಂದ. ಮರುದಿನದಿಂದ ದೇವರ ಕೋಣೆಗೆ ಹೋಗಲಿಲ್ಲ. ದಿನಕ್ಕೆ ಒಂದೇ ಊಟ. ಗಡ್ಡ ಬಿಟ್ಟ. ನಾನು ಪೆದ್ದಿ, "ಸಣ್ಣಜ್ಜಂಗೆ ಯಾರ ಸೂತಕ?" ಎಂದು ಕೇಳಿಬಿಟ್ಟೆ. ಅಮ್ಮಮ್ಮ ನನ್ನ ತೊಡೆ ಚಿವುಟಿದಳು. ಅವಳು ಅವನನ್ನು ಏನೂ ಕೇಳಲಿಲ್ಲ. ಹತ್ತು ದಿನ ಅವನಿಗೆ ಬೇರೆ ಎಲೆ ಹಾಕಿದಳು, ಮುಟ್ಟದೆ ದೂರದಿಂದ ಬಡಿಸಿದಳು. ಹನ್ನೊಂದನೇ ದಿನ ಅವನು ಮಿಂದು ಜನಿವಾರ ಬದಲಾಯಿಸಿದ. ಅಮ್ಮಮ್ಮ ಮಡಿಯಲ್ಲಿ ಅಡಿಗೆ ಮಾಡಿದಳು. ಓದು ಬರಹ ಇಲ್ಲದ ಹೆಂಗಸು. ನಾಲ್ಕು ಜನರ ಎದುರು ಒಂದು ಮಾತೂ ಆಡದೆ, ಅವನಿಗೆ ಸೂತಕ ಉಂಟು ಎಂದು ಒಪ್ಪಿಕೊಂಡಿದ್ದಳು.

ಇನ್ನು ಮದ್ದು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಇದನ್ನು ರೋಗದ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತೆಗೆಯಿತು. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ, ಮದ್ರಾಸ್ ಹೈಕೋರ್ಟಿನ ಆದೇಶದ ನಂತರ, ಇದನ್ನು "ಸರಿಮಾಡುತ್ತೇನೆ" ಎಂದು ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಎಂದಿತು. ಆ ಫೋನ್ ನಂಬರಿಗೆ ಯಾರೂ ಕರೆ ಮಾಡಬೇಡಿ. ಅಣ್ಣಾ, ಅತ್ತಿಗೆ, ನಿಮಗೂ ಒಂದು ಮಾತು. ಸಾಕಿದ್ದರಲ್ಲಿ ಎಲ್ಲಿ ತಪ್ಪಿತು ಎಂದು ಕೂತು ಯೋಚಿಸಬೇಡಿ. 2019ರಲ್ಲಿ ಸುಮಾರು 4.7 ಲಕ್ಷ ಜನರ ವಂಶವಾಹಿ ಪರೀಕ್ಷಿಸಿದ ದೊಡ್ಡ ಅಧ್ಯಯನ ಬಂತು. ಇದೊಂದೇ ಕಾರಣ ಎಂದು ಬೆರಳಿಟ್ಟು ತೋರಿಸುವ ಜೀನ್ ಸಿಗಲಿಲ್ಲ. ನೂರೆಂಟು ಸಣ್ಣ ಸಣ್ಣ ಕಾರಣ ಸೇರಿ ಮನುಷ್ಯ ಆಗುತ್ತಾನೆ. ನಮ್ಮ ಮನೆಯಲ್ಲಿ ಒಬ್ಬನಿಗೆ ಎಡಗೈ, ಒಬ್ಬಳಿಗೆ ಗುಂಗುರು ಕೂದಲು. ಯಾರು ಕಲಿಸಿದರು?

ಮತ್ತೆ ಆ ಫಾರ್ವರ್ಡಿನಲ್ಲಿ ಸ್ತ್ರೀವೇಷದವರು, ಜೋಗತಿಯರು, ಗೇ, ಎಲ್ಲ ಒಂದೇ ಹುಳಿಗೆ ಹಾಕಿದ್ದಾರೆ. ತಾಳಮದ್ದಳೆ ಬಿಡದ ಭಾವನಿಗೆ ನಾನು ಹೇಳಬೇಕಾ? ಸ್ತ್ರೀವೇಷ ರಂಗಸ್ಥಳದ ಕಸುಬು. ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಬದುಕಿನಲ್ಲಿ ಪ್ರಶ್ನೆ ತಾನು ಗಂಡೋ ಹೆಣ್ಣೋ ಎಂಬುದು. ಮಾಣಿಗೆ ಆ ಗೊಂದಲ ಇಲ್ಲ. ಅವನು ಗಂಡೇ, ಮನಸ್ಸು ಹೋಗುವುದು ಗಂಡಸಿನ ಕಡೆಗೆ.

2018ರ ನಂತರ ಜಾಸ್ತಿ ಆಯಿತು ಎಂದಿರಲ್ಲ, ಜೈಲಿನ ಹೆದರಿಕೆ ಹೋದ ಮೇಲೆ ಜನ ಬಾಯಿಬಿಟ್ಟರು, ನಿಮ್ಮ ಕಣ್ಣಿಗೆ ಬಿದ್ದರು. ಆ ಹೆದರಿಕೆ ಒಂದೇ ಸಲಕ್ಕೆ ಹೋದದ್ದೂ ಅಲ್ಲ. 2009ರಲ್ಲಿ ದೆಹಲಿ ಹೈಕೋರ್ಟ್ 377ರ ಕಟ್ಟು ಬಿಡಿಸಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಮತ್ತೆ ಕಟ್ಟಿತು. ಆಗ ಮಾಣಿ ಹತ್ತನೇ ಕ್ಲಾಸು, ನಮ್ಮ ಮನೆಯಲ್ಲಿದ್ದು ಓದುತ್ತಿದ್ದ. ದಿನಾ ಪೇಪರನ್ನು ಜೋರಾಗಿ ಓದಿ ಹೇಳುವುದು ಅವನ ಅಭ್ಯಾಸ. ಮರುದಿನ ಏನು ಓದಿದ, ಏನು ಹಾರಿಸಿದ, ನಾನು ಗಮನಿಸಲಿಲ್ಲ. ನಿನ್ನೆ ರಾತ್ರಿ ಅದೇ ಯೋಚನೆಯಲ್ಲಿ ನಿದ್ದೆ ಬರಲಿಲ್ಲ.

ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳೂ ಒಂದೇ ಮಾತು ಹೇಳಿದರು, ಇದು ಅಪರಾಧ ಅಲ್ಲ ಎಂದು. ಅರ್ಜಿ ಹಾಕಿದವರಲ್ಲಿ ಮೊದಲ ಹೆಸರು ನವತೇಜ್ ಜೋಹರ್, ಭರತನಾಟ್ಯ ಕಲಾವಿದರು. ಚರಿತ್ರೆ ಇವರಿಗೂ ಇವರ ಮನೆಯವರಿಗೂ ಕ್ಷಮೆ ಕೇಳಬೇಕು ಎಂದು ಆ ಐವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಮನೆಯವರಿಗೂ, ಅಣ್ಣಾ, ಕೇಳಿಸಿತಾ?

ಮದುವೆ ಮಾತ್ರ ಇನ್ನೂ ಇಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅದನ್ನು ಸಂಸತ್ತಿಗೆ ಬಿಟ್ಟಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ, ಇಂಥ ಜೋಡಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿ ಇಲ್ಲ ಎಂದಿತು. ಮಾಣಿ, ಅಂಥವರು ಯಾರಾದರೂ ಇದ್ದರೆ ಅದನ್ನು ಮೊದಲು ಮಾಡಿಕೊಳ್ಳಿ, ಕಾಗದ ನಾನು ನೋಡಿಕೊಡುತ್ತೇನೆ. ಚೌತಿಗೆ ಕರೆದುಕೊಂಡು ಬಾ. ಮೆತ್ತಿನ ಕೋಣೆ ಖಾಲಿ ಇದೆ, ಸೋರುವ ಕಡೆ ಹಂಚು ಕೂರಿಸಿ ಆಗಿದೆ.

ಭಾವಾ, ಆ ಫಾರ್ವರ್ಡ್ ಅಳಿಸುವುದು ಗೊತ್ತಲ್ವಾ? ಅದರ ಮೇಲೆ ಬೆರಳು ಒತ್ತಿ ಹಿಡಿಯಬೇಕು, ಕಸದ ಬುಟ್ಟಿಯ ಚಿತ್ರ ಬರುತ್ತದೆ. "ಎಲ್ಲರಿಗೂ ಅಳಿಸಿ" ಎಂದು ಇರುವುದನ್ನೇ ಒತ್ತಿ. "ನನಗೆ ಮಾತ್ರ" ಎಂಬುದನ್ನು ಒತ್ತಿದರೆ ನಿಮಗೊಬ್ಬರಿಗೆ ಕಾಣುವುದಿಲ್ಲ, ಮಾಣಿಗೆ ಕಾಣುತ್ತಲೇ ಇರುತ್ತದೆ.