ಪದಚರ್ಚೆ: ಆಟದ ‘ಕ್ಲಾಸ್’ ವರ್ಗವೋ, ಕಸುಬೋ?

ಬಲ್ಲವರೇ,

ರೋಲ್-ಪ್ಲೇಯಿಂಗ್ (ಪಾತ್ರ ವಹಿಸಿ ಆಡುವ) ಆಟವೊಂದರ ನಿಯಮಗಳನ್ನು ಗೆಳೆಯರ ಬಳಕೆಗೆಂದು ಕನ್ನಡಕ್ಕೆ ತರುತ್ತಿದ್ದೇನೆ. ‘ಕ್ಯಾರೆಕ್ಟರ್ ಕ್ಲಾಸ್’ (ಕಾದಾಳು, ಮಾಂತ್ರಿಕ, ಕಳ್ಳ ಹೀಗೆ ಆಟಗಾರ ಆರಿಸಿಕೊಳ್ಳುವ ಪಾತ್ರದ ಬಗೆ) ಎಂಬಲ್ಲಿ ಸಿಕ್ಕಿಕೊಂಡು ವಾರವಾಯಿತು. ಯಂತ್ರಾನುವಾದ ‘ನಿಮ್ಮ ತರಗತಿಯನ್ನು ಆರಿಸಿ’ ಎಂದಿತು. ಕತ್ತಿ ಹಿಡಿದವನನ್ನು ಬೆಂಚಿನ ಮೇಲೆ ಕೂರಿಸಿದ ಹಾಗೆ. ‘ದರ್ಜೆ’ಗೆ ಮೇಲುಕೀಳಿನ ವಾಸನೆ, ಸಾಲದ್ದಕ್ಕೆ ‘ಲೆವೆಲ್’ (ಪಾತ್ರ ಅನುಭವದಿಂದ ಏರುವ ಹಂತ) ಜತೆ ಕಲಸಿಹೋಗುತ್ತದೆ. ಉಳಿದದ್ದು ‘ವರ್ಗ’. ತಪ್ಪೇನಿಲ್ಲ. ಆದರೆ ಅದು ಹೊರಗೆ ನಿಂತು ವಿಂಗಡಿಸುವವನ ಮಾತು, ಆಡುವವನದಲ್ಲ.

ಹೀಗನ್ನಿಸಿದ್ದು ಆಟದ ಮೇಜಿನಲ್ಲೇ. ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ರೋಲ್-ಪ್ಲೇಯಿಂಗ್ ಆಟದ 1981ರ ನಿಯಮ ಹಿಡಿದು ಆಡುತ್ತಿದ್ದೆವು, ಎಲ್ಲರೂ ಮೂರನೇ ಹಂತ. ಎದುರಿಗೆ ಬೀಗ ಹಾಕಿದ ಬಾಗಿಲು. ಕಳ್ಳನ ಪಾತ್ರದವನು ದಾಳ ಕೈಗೆತ್ತಿಕೊಂಡ. ಆ ಹಂತದ ಕಳ್ಳನಿಗೆ ಬೀಗ ತೆಗೆಯುವ ಅವಕಾಶ ನೂರಕ್ಕೆ 25. ತಪ್ಪಿದರೆ ಇನ್ನೊಂದು ಹಂತ ಏರುವತನಕ ಆ ಬೀಗದ ಮೇಲೆ ಮತ್ತೆ ಕೈ ಇಡುವಂತಿಲ್ಲ. ಅವನು ದಾಳ ಉರುಳಿಸುವ ಮೊದಲೇ ಮಾಂತ್ರಿಕಳಾಗಿದ್ದವಳು ‘ನಾಕ್’ ಮಂತ್ರ ಹಾಕಿ ಬಾಗಿಲು ತೆರೆದೇಬಿಟ್ಟಳು. ಇವನು ದಾಳವನ್ನು ಮೆಲ್ಲಗೆ ಕೆಳಗಿಟ್ಟು, “ನನ್ನ ಅನ್ನಕ್ಕೇ ಕಲ್ಲು ಹಾಕಿದೆಯಲ್ಲೇ ಮಾರಾಯ್ತಿ!” ಎಂದ.

ಅನ್ನ ಇರುವುದು ಕಸುಬಿಗೆ, ವರ್ಗಕ್ಕಲ್ಲ. ಕಳ್ಳ ಕಳ್ಳನೆನಿಸುವುದು ಕರಿಬಟ್ಟೆಯಿಂದಲ್ಲ. ಗುಂಪಿನಲ್ಲಿ ಇದು ಅವನ ಕೆಲಸ ಎಂದು ಉಳಿದವರು ದಾರಿ ಬಿಡುವುದರಿಂದ. ಬೇರೆಯವರು ಅದೇ ಕೆಲಸ ಮಾಡಿದರೂ ತೆರುವ ಬೆಲೆ ಬೇರೆಯಿರಬೇಕು. ಅವಳು ಆ ದಿನಕ್ಕಿದ್ದ ಎರಡನೇ ಹಂತದ (ಮಂತ್ರಗಳಿಗೆ ಬೇರೆಯೇ ಹಂತಗಳುಂಟು) ಒಂದೇ ಮಂತ್ರವನ್ನು ಸುಟ್ಟುಕೊಂಡಿದ್ದಳು, ಪಾಪ. ಅದು ಆಮೇಲೆ ಗೊತ್ತಾಯಿತು.

ಈ ಆಟದ 1974ರ ಮೊದಲ ಆವೃತ್ತಿಯಲ್ಲಿ ಇದ್ದದ್ದು ಮೂರೇ ಕ್ಲಾಸು: ಕಾದಾಳು, ಮಾಂತ್ರಿಕ, ಕ್ಲೆರಿಕ್ (ದೈವಬಲದ ಪೂಜಾರಿ). ಕ್ಲೆರಿಕ್ ಅಲಗಿರುವ ಆಯುಧ ಹಿಡಿಯುವಂತಿಲ್ಲ. ಹತ್ತು ಶಕ್ತಿ ಕೊಡಲಾಗದ ಗುರುತನ್ನು ಈ ಒಂದು ನಿಷೇಧ ಕೊಟ್ಟಿತು ಅನ್ನುವುದು ನನ್ನ ಲೆಕ್ಕ. ಕಳ್ಳ ಸೇರಿದ್ದು 1975ರ ಪುರವಣಿಯಲ್ಲಿ. ಸದ್ದಿಲ್ಲದೆ ನಡೆಯುವುದು, ಅಡಗುವುದು ಅವನ ಪಾಲಿಗೆ ಬಂದ ಮೇಲೆ ಮಿಕ್ಕವರು ತಾವಾಗಿಯೇ ಕೈ ಹಿಂದೆಗೆದರು.

ಪಾತ್ರದ ಹುಟ್ಟನ್ನು ಹೇಳುವ ‘ರೇಸ್’ಗೆ ‘ಕುಲ’ ಇಟ್ಟುಕೊಂಡಿದ್ದೇನೆ (‘ಜಾತಿ’ ಬೇಡವೇ ಬೇಡ). 1981ರ ನಿಯಮದಲ್ಲಿ ಎಲ್ಫ್, ಡ್ವಾರ್ಫ್, ಹಾಫ್‌ಲಿಂಗ್ ಎಂಬ ಕುಲಗಳೇ ಕ್ಲಾಸುಗಳೂ ಹೌದು. ಅಂದರೆ ಅಕ್ಷರಶಃ ಕುಲಕಸುಬು! ಈ ಪದ ಬಿಟ್ಟಿಯಾಗಿ ಸಿಕ್ಕಿ ಒಂದು ದಿನ ಹಿಗ್ಗಿದ್ದೆ.

ತೊಡಕಾದದ್ದು 2014ರ ಆವೃತ್ತಿಗೆ ಬಂದಾಗ. ಅಲ್ಲಿರುವ 12 ಕ್ಲಾಸುಗಳಲ್ಲಿ ಬಾರ್ಬೇರಿಯನ್‌ನ ಬಂಡವಾಳ ರೋಷ. ರೋಷ ಉಕ್ಕಿರುವಾಗ ಮಂತ್ರ ಹಾಕುವಂತಿಲ್ಲ. ಸಿಟ್ಟನ್ನು ಕಸುಬು ಅನ್ನಬಹುದೇ? ಧರ್ಮಯೋಧ ಪ್ಯಾಲಡಿನ್ ಬದುಕುವುದು ತೊಟ್ಟ ವ್ರತದ ಮೇಲೆ. ವ್ರತ ಕಸುಬಾದರೆ ಅದು ಬೈಗುಳ.

‘ಕತ್ತಿವರಸೆ’ಯಲ್ಲಿರುವ ‘ವರಸೆ’ಯನ್ನೂ ತೂಗಿ ನೋಡಿದೆ. ‘ಅವನ ವರಸೆಯೇ ಬೇರೆ’ ಅನ್ನುತ್ತೇವಲ್ಲ, ಅದು. ಕಾದಾಟದ ಘಾಟು ಹೆಚ್ಚಾಯಿತೇನೋ, ಕ್ಲಾಸಿನೊಳಗಿನ ಕವಲಾದ ‘ಸಬ್‌ಕ್ಲಾಸ್’ಗೆ ಮೀಸಲಿಡೋಣವೆಂದಿದ್ದೇನೆ.

‘ಕಸುಬು’ ಎಂದರೆ ನಿಮ್ಮ ಕಿವಿಗೆ ಹಗುರಾಗಿ ಕೇಳುತ್ತದೆಯೇ? ಪ್ಯಾಲಡಿನ್, ಬಾರ್ಬೇರಿಯನ್ ಇಬ್ಬರನ್ನೂ ಕಳ್ಳನ ಪಕ್ಕದಲ್ಲೇ ಕೂರಿಸಬಲ್ಲ ಇನ್ನೊಂದು ಪದ ಹೊಳೆದರೆ ತಿಳಿಸಿ.